ಅಡ್ಡುವಿನ ಹೆಲಿಕಾಪ್ಟರ್: ಸಣ್ಣ ನೆರೆರಾಷ್ಟ್ರದೊಂದಿಗಿನ ರಕ್ಷಣಾ ಸಹಕಾರ ಯಾವುದರ ಮೇಲೆ ನಿಲ್ಲಬೇಕು?

ಮಂಗಳೂರಿನ ಅಧ್ಯಾಪಕ (ಚರ್ಚೆ ಆರಂಭಿಸಿದವರು)

2024ರ ಮೇ 10ರ ಹೊತ್ತಿಗೆ ಮಾಲ್ಡೀವ್ಸ್‌ನಲ್ಲಿದ್ದ ಭಾರತೀಯ ಸೇನಾ ಸಿಬ್ಬಂದಿಯೆಲ್ಲ ಹಿಂದಿರುಗಿದರು. ಎಂಬತ್ತರ ಆಸುಪಾಸಿನಲ್ಲಿದ್ದ ಆ ಯೋಧರು ಮುಖ್ಯವಾಗಿ ನೋಡಿಕೊಳ್ಳುತ್ತಿದ್ದದ್ದು ಭಾರತ ಕೊಟ್ಟಿದ್ದ ಎರಡು ಧ್ರುವ್ ಹೆಲಿಕಾಪ್ಟರ್‌ಗಳನ್ನು ಮತ್ತು ಒಂದು ಡಾರ್ನಿಯರ್ ವಿಮಾನವನ್ನು. ಸಮವಸ್ತ್ರ ತೊಟ್ಟವರು ಹೊರಟ ಮೇಲೆ ಅವರ ಜಾಗಕ್ಕೆ ಭಾರತದಿಂದಲೇ ನಾಗರಿಕ ತಂತ್ರಜ್ಞರು ಹೋದರು. ಯಂತ್ರಗಳು ಇದ್ದಲ್ಲೇ ಇದ್ದವು, ಅವು ಮಾಡುತ್ತಿದ್ದ ಕೆಲಸವೂ ಬದಲಾಗಲಿಲ್ಲ. ಹಾಗಿದ್ದರೆ ಒಂದು ದೇಶದ ಚುನಾವಣೆಯನ್ನೇ ಅಲುಗಾಡಿಸಿದ ಆ ಸಿಟ್ಟು ಯಾವುದರ ಬಗ್ಗೆ ಇತ್ತು ಎಂಬ ಪ್ರಶ್ನೆ ನನ್ನನ್ನು ಅಂದಿನಿಂದ ಬಿಟ್ಟಿಲ್ಲ.

ಅಡ್ಡು ಎಂಬುದು ಮಾಲ್ಡೀವ್ಸ್‌ನ ತೀರ ದಕ್ಷಿಣದ ಹವಳದ್ವೀಪ ಸಮೂಹ. ರಾಜಧಾನಿ ಮಾಲೆಯಿಂದ ಐನೂರು ಕಿಲೋಮೀಟರಿಗೂ ದೂರ, ಭೂಮಧ್ಯರೇಖೆಯಿಂದಾಚೆಗೆ. ಅಲ್ಲಿನ ಗಾನ್ ದ್ವೀಪದಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆ 1976ರವರೆಗೂ ಇತ್ತು. ಅದು ಖಾಲಿಯಾದ ಮರುವರ್ಷ ಸೋವಿಯತ್ ಒಕ್ಕೂಟ ಅದನ್ನು ಗುತ್ತಿಗೆಗೆ ಕೇಳಿದಾಗ ಅಧ್ಯಕ್ಷ ಇಬ್ರಾಹಿಂ ನಾಸಿರ್ ಒಪ್ಪಲಿಲ್ಲ. ಅಂದರೆ ದೊಡ್ಡ ಶಕ್ತಿಗಳ ಕಣ್ಣು ತಮ್ಮ ಮರಳಿನ ಮೇಲೆ ಬೀಳುವುದು ಅಲ್ಲಿಯವರಿಗೆ ಹೊಸತಲ್ಲ, ಅದಕ್ಕೆ ಇಲ್ಲವೆನ್ನುವುದೂ ಹೊಸತಲ್ಲ. ಭಾರತದ ಮೊದಲ ಹೆಲಿಕಾಪ್ಟರ್ 2010ರಲ್ಲಿ ಅಡ್ಡುವಿಗೇ ಹೋಯಿತು. ರಾತ್ರಿ ಹೆರಿಗೆನೋವು ಬಂದವರನ್ನು, ಎದೆನೋವು ಕಾಣಿಸಿಕೊಂಡ ಮೀನುಗಾರರನ್ನು ದ್ವೀಪದಿಂದ ದ್ವೀಪಕ್ಕೆ ಸಾಗಿಸುವುದು ಅದರ ದಿನನಿತ್ಯದ ಕೆಲಸವಾಯಿತು. ಸುಮಾರು 1,200 ದ್ವೀಪಗಳು, ಅವುಗಳಲ್ಲಿ ಜನವಸತಿಯಿರುವುದು ಇನ್ನೂರರಷ್ಟು, ಸುತ್ತ ಒಂಬತ್ತು ಲಕ್ಷ ಚದರ ಕಿಲೋಮೀಟರಿನಷ್ಟು ಆರ್ಥಿಕ ಹಕ್ಕಿನ ಕಡಲು: ಇಂಥ ದೇಶದಲ್ಲಿ ಹೆಲಿಕಾಪ್ಟರ್ ಎಂದರೆ ಆಂಬುಲೆನ್ಸ್.

ಆದರೂ 2020ರಿಂದಾಚೆಗೆ, ಭಾರತೀಯ ಸೈನಿಕರು ಹೊರಹೋಗಲಿ ಎನ್ನುವ ‘ಇಂಡಿಯಾ ಔಟ್’ ಚಳವಳಿ ಅಲ್ಲಿ ಬೆಳೆಯಿತು. ಅದಕ್ಕೆ ಹೆಚ್ಚಿನ ಕಸುವು ಕೊಟ್ಟದ್ದು ಹೆಲಿಕಾಪ್ಟರಲ್ಲ, 2021ರ ಫೆಬ್ರುವರಿಯಲ್ಲಿ ಉತುರು ತಿಲ ಫಲ್ಹು ಎಂಬಲ್ಲಿ ಮಾಲ್ಡೀವ್ಸ್ ಕೋಸ್ಟ್ ಗಾರ್ಡ್‌ಗಾಗಿ ಬಂದರು ಮತ್ತು ಹಡಗು ದುರಸ್ತಿ ಕೇಂದ್ರ ಕಟ್ಟಿಕೊಡಲು ಭಾರತದೊಂದಿಗೆ ಆದ ಒಪ್ಪಂದ ಎಂದು ನಾನು ಭಾವಿಸುತ್ತೇನೆ. ಒಪ್ಪಂದದ ಪೂರ್ಣ ಪಠ್ಯವನ್ನು ಜನರ ಮುಂದಿಡಬೇಕೆಂದು ಅಲ್ಲಿನ ವಿರೋಧ ಪಕ್ಷದವರು ಪಟ್ಟು ಹಿಡಿದರು. ಅಂದಿನ ಅಧ್ಯಕ್ಷ ಸೋಲಿಹ್ ಅವರ ಸರ್ಕಾರ ಅದನ್ನು ಬಿಚ್ಚಿಡದೆ, 2022ರ ಏಪ್ರಿಲ್‌ನಲ್ಲಿ ಚಳವಳಿಯನ್ನೇ ಆಜ್ಞೆ ಹೊರಡಿಸಿ ನಿಷೇಧಿಸಿತು. ಗುಟ್ಟಿನ ಜೊತೆಗೆ ನಿಷೇಧವೂ ಸೇರಿದ ಮೇಲೆ ಸಂಶಯ ತಣ್ಣಗಾಗುವುದುಂಟೆ? 2023ರ ಸೆಪ್ಟೆಂಬರ್ 30ರಂದು ಭಾರತೀಯ ಸೈನಿಕರನ್ನು ಹಿಂದೆ ಕಳುಹಿಸುತ್ತೇನೆಂದ ಮೊಹಮದ್ ಮುಯಿಝ್ಝು ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದರು.

ನನ್ನ ವಾದ ಇಷ್ಟೆ. ಸಣ್ಣ ನೆರೆಯ ದೇಶದೊಂದಿಗೆ ನಾವು ಮಾಡಿಕೊಳ್ಳುವ ರಕ್ಷಣಾ ಒಡಂಬಡಿಕೆಯನ್ನು, ಕಾರ್ಯಾಚರಣೆಯ ವಿವರಗಳನ್ನು ಬಿಟ್ಟು, ಆ ದೇಶದ ಸಂಸತ್ತಿನ ಮುಂದೆ ಇಡಬೇಕೆಂದು ನಾವೇ ಮುಂದಾಗಿ ಕೇಳಬೇಕು. ಎಷ್ಟು ಜನ, ಎಲ್ಲಿ, ಯಾವ ಕೆಲಸಕ್ಕೆ, ಎಂದಿನವರೆಗೆ ಎಂಬುದು ಅಲ್ಲಿನ ಮೀನುಗಾರನಿಗೂ ತಿಳಿದಿರಬೇಕು. ಇದರಿಂದ ನಮ್ಮ ಭದ್ರತೆಗೆ ನಷ್ಟವಾಗುತ್ತದೆಯೇ ಎಂಬುದನ್ನು ತಿಳಿದವರು ಹೇಳಬೇಕಾಗಿ ಕೋರುತ್ತೇನೆ.

ಮಡಿಕೇರಿಯಿಂದ ಒಬ್ಬ ನಿವೃತ್ತ ಸೈನಿಕ

ತಾವು ಬರೆದದ್ದನ್ನು ಗೌರವದಿಂದ ಓದಿದೆ, ಆದರೆ ಒಪ್ಪಲಾರೆ. ತಾವು ಕಥೆಯನ್ನು 2010ರಿಂದ ಆರಂಭಿಸಿದ್ದೀರಿ. ಅದು ಆರಂಭವಾಗಬೇಕಾದದ್ದು 1988ರ ನವೆಂಬರ್ 3ರಿಂದ.

ಅಂದು ಶ್ರೀಲಂಕಾದ ಪ್ಲೋಟ್ ಎಂಬ ತಮಿಳು ಉಗ್ರ ಸಂಘಟನೆಯ ಎಂಬತ್ತರಷ್ಟು ಬಾಡಿಗೆ ಬಂದೂಕುಧಾರಿಗಳು ಬೆಳಗಾಗುವ ಮೊದಲೇ ದೋಣಿಗಳಲ್ಲಿ ಬಂದು ಸರ್ಕಾರವನ್ನು ಉರುಳಿಸಲು ಮಾಲೆಯಲ್ಲಿ ಇಳಿದರು. ಅಧ್ಯಕ್ಷ ಗಯೂಮ್ ಅಡಗಿಕೊಂಡು ಹಲವು ದೇಶಗಳ ನೆರವು ಕೇಳಿದರು. ಅದೇ ರಾತ್ರಿ ಆಗ್ರಾದಿಂದ ಹೊರಟ ನಮ್ಮ ಐಎಲ್-76 ವಿಮಾನಗಳು, ಎಲ್ಲಿಯೂ ನಿಲ್ಲದೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಿ, ಮಾಲೆಯ ಪಕ್ಕದ ಹುಲ್ಹುಲೆ ದ್ವೀಪದ ರನ್‌ವೇ ಮೇಲೆ ಪ್ಯಾರಾ ಯೋಧರನ್ನು ಇಳಿಸಿದವು. ಒತ್ತೆಯಾಳುಗಳನ್ನು ಹೊತ್ತು ಓಡುತ್ತಿದ್ದ ಹಡಗನ್ನು ಐಎನ್‌ಎಸ್ ಗೋದಾವರಿ ಮತ್ತು ಬೇತ್ವಾ ಸಮುದ್ರದಲ್ಲೇ ತಡೆದವು. ಕೆಲಸ ಮುಗಿದ ಕೆಲವೇ ದಿನಗಳಲ್ಲಿ ಹೆಚ್ಚಿನವರು ಹಿಂದಿರುಗಿದರು, ಉಳಿದ ಸಣ್ಣ ತುಕಡಿಯೂ ಸುಮಾರು ಒಂದು ವರ್ಷದ ನಂತರ ಮರಳಿತು. ಒಂದು ದೇಶದ ಸರ್ಕಾರವನ್ನು ಉಳಿಸಿಕೊಟ್ಟು, ಒಂದು ಅಂಗುಲ ನೆಲವನ್ನೂ ಕೇಳದೆ ಬಂದವರು ನಾವು.

ಅಂಥವರ ಮೇಲೆ ಸಂಶಯ ಪಡುವವರಿಗೆ ಎಷ್ಟು ಕಾಗದ ತೋರಿಸಿದರೂ ಸಾಲದು. ಚೀನಾದ ಸಂಶೋಧನಾ ಹಡಗು ಶಿಯಾಂಗ್ ಯಾಂಗ್ ಹಾಂಗ್ 03 ಮಾಲೆಗೆ ಬಂದದ್ದು 2024ರ ಫೆಬ್ರುವರಿಯಲ್ಲಿ, ಅಂದರೆ ನಮ್ಮವರು ಗಂಟುಮೂಟೆ ಕಟ್ಟುತ್ತಿದ್ದ ಹೊತ್ತಿನಲ್ಲಿ. ಸಂಶೋಧನೆ ನಡೆಸುವುದಿಲ್ಲ, ಸಿಬ್ಬಂದಿ ಬದಲಾವಣೆಗೆ, ಸಾಮಗ್ರಿ ತುಂಬಿಕೊಳ್ಳುವುದಕ್ಕೆ ಮಾತ್ರ ಬರುತ್ತಿದೆ ಎಂದು ಮಾಲ್ಡೀವ್ಸ್ ಸರ್ಕಾರ ಹೇಳಿತು. ಸಮುದ್ರತಳದ ಏರಿಳಿತ, ನೀರಿನ ಉಷ್ಣಾಂಶ ಮತ್ತು ಉಪ್ಪಿನಂಶ ಆಳಕ್ಕೆ ತಕ್ಕಂತೆ ಬದಲಾಗುವ ಬಗೆ, ಇವೆಲ್ಲ ಜಲಾಂತರ್ಗಾಮಿಗಳು ಅಡಗುವುದಕ್ಕೂ ಅವನ್ನು ಹುಡುಕುವುದಕ್ಕೂ ಬೇಕಾದ ಮಾಹಿತಿ. ಶಬ್ದ ನೀರಿನೊಳಗೆ ಎತ್ತ ಬಾಗುತ್ತದೆ ಎಂಬುದು ಅದರಿಂದಲೇ ಗೊತ್ತಾಗುವುದು. 2019ರಲ್ಲಿ ನಾವು ಮಾಲ್ಡೀವ್ಸ್‌ನೊಂದಿಗೆ ಮಾಡಿಕೊಂಡಿದ್ದ ಜಲಮಾಪನ (ಕಡಲಿನ ಆಳ, ತಳಗಳ ಸಮೀಕ್ಷೆ) ಒಪ್ಪಂದವನ್ನು ಹೊಸ ಸರ್ಕಾರ ಮುಂದುವರಿಸಲಿಲ್ಲ. 2024ರ ಮಾರ್ಚ್ 4ರಂದು ಚೀನಾದೊಂದಿಗೆ ಸೇನಾ ನೆರವಿನ ಒಪ್ಪಂದಕ್ಕೆ ಸಹಿ ಹಾಕಿತು. ಅದರ ವಿವರಗಳನ್ನು ಯಾರ ಮುಂದಿಟ್ಟರು? ನಮ್ಮ ಗುಟ್ಟಿಗೆ ಬೀದಿಗಿಳಿದವರು ಆ ಗುಟ್ಟಿಗೆ ಏಕೆ ಇಳಿಯಲಿಲ್ಲ?

ರಕ್ಷಣಾ ಒಡಂಬಡಿಕೆ ಎಂದರೆ ಊರಿನ ಕರಪತ್ರವಲ್ಲ. ಒಂದು ರಡಾರ್ ಎಲ್ಲಿದೆ, ಅದು ಎಷ್ಟು ದೂರ ನೋಡುತ್ತದೆ ಎಂದು ಹೊರಗೆ ಹೇಳಿದ ಮೇಲೆ ಅದನ್ನು ಇಟ್ಟುಕೊಂಡು ಮಾಡುವುದೇನು?

ಕಾರವಾರದಿಂದ

ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದವನಾಗಿ ಎರಡು ಮಾತು ಸೇರಿಸುತ್ತೇನೆ.

2025ರ ಏಪ್ರಿಲ್ 5ರಂದು ನಮ್ಮ ಕಾರವಾರದ ನೌಕಾನೆಲೆಯಿಂದ ಐಎನ್‌ಎಸ್ ಸುನಯನಾ ಹಡಗು ‘ಐಒಎಸ್ (ಇಂಡಿಯನ್ ಓಷನ್ ಶಿಪ್) ಸಾಗರ್’ ಎಂಬ ಹೆಸರಿನಲ್ಲಿ ಹೊರಟಿತು. ಅದರ ಮೇಲೆ ಭಾರತೀಯರ ಜೊತೆಗೆ ಒಂಬತ್ತು ದೇಶಗಳ 44 ನಾವಿಕರಿದ್ದರು. ಕೊಮೊರೋಸ್, ಕೀನ್ಯಾ, ಮಡಗಾಸ್ಕರ್, ಮಾರಿಷಸ್, ಮೊಜಾಂಬಿಕ್, ಸೆಶೆಲ್ಸ್, ಶ್ರೀಲಂಕಾ, ತಾಂಜಾನಿಯಾಗಳ ಜೊತೆ ಮಾಲ್ಡೀವ್ಸ್‌ನವರೂ ಇದ್ದರು. ಹನ್ನೊಂದು ತಿಂಗಳ ಹಿಂದೆ ನಮ್ಮ ಸಮವಸ್ತ್ರ ಬೇಡವೆಂದ ದೇಶ ತನ್ನ ಸಮವಸ್ತ್ರದವರನ್ನು ನಮ್ಮ ಹಡಗಿನಲ್ಲಿ ಕಾವಲಿಗೆ ಕಳುಹಿಸಿತ್ತು. ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಬೇಕು. ಅವರಿಗೆ ಕಸಿವಿಸಿಯಾಗಿದ್ದು ಭಾರತದ ಜೊತೆ ಸೇರಿ ದುಡಿಯುವುದರಿಂದಲ್ಲ, ತಮ್ಮ ಅಂಗಳದಲ್ಲಿ ಬೇರೆಯವರ ಕಾವಲುಗಾರ ನಿಂತಿರುವುದರಿಂದ.

ಅದೇ ದಿನ ಕೊಲಂಬೊದಲ್ಲಿ ಭಾರತ ಮತ್ತು ಶ್ರೀಲಂಕಾ ನಡುವಿನ ರಕ್ಷಣಾ ಸಹಕಾರ ಒಡಂಬಡಿಕೆಗೆ ಸಹಿಯೂ ಆಯಿತು.

ಇನ್ನೊಂದು ಮಾತು ಸ್ವಲ್ಪ ಮನಸ್ಸಿಗೆ ಹತ್ತಿರದ್ದು. 1986ರಲ್ಲಿ ಈ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿದ್ದ ಮೇಲೆ ಕಾರವಾರ ಮತ್ತು ಅಂಕೋಲಾ ನಡುವಿನ ಕರಾವಳಿಯ ಎಷ್ಟೋ ಹಳ್ಳಿಗಳವರು ಜಾಗ ಬಿಟ್ಟುಕೊಟ್ಟರು. ನಮ್ಮ ತಂದೆಯ ಕಡೆಯವರು ಬಲೆ ಒಣಹಾಕುತ್ತಿದ್ದ ದಂಡೆಗೆ ಈಗ ಬೇಲಿಯಿದೆ. ದೇಶಕ್ಕೆ ಬೇಕು ಎಂಬುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೂ ಬೇಲಿಯ ಆಚೆ ಏನಾಗುತ್ತಿದೆ ಎಂದು ತಿಳಿಯದ ದಿನಗಳಲ್ಲಿ ಊರಿನಲ್ಲಿ ಹುಟ್ಟದ ವದಂತಿಯಿಲ್ಲ. ನಮ್ಮದೇ ದೇಶದ ನೌಕಾಪಡೆಯ ಬಗ್ಗೆ ನಮ್ಮದೇ ಜನ ಹಾಗೆ ಮಾತಾಡಿಕೊಂಡಿದ್ದರೆ, ಐದು ಲಕ್ಷ ಜನಸಂಖ್ಯೆಯ ದ್ವೀಪರಾಷ್ಟ್ರದವರು ನೂರ ನಲವತ್ತು ಕೋಟಿ ಜನರ ನೆರೆದೇಶದ ಬಗ್ಗೆ ಏನೆಲ್ಲ ಯೋಚಿಸಿರಬಹುದು ಎಂಬುದನ್ನು ನಾನು ಊಹಿಸಬಲ್ಲೆ. ಮಡಿಕೇರಿಯ ಹಿರಿಯರು ಕೃತಜ್ಞತೆಯ ಪ್ರಶ್ನೆ ಎತ್ತಿದ್ದಾರೆ. ಉಪಕಾರದ ನೆನಪು ಇರುವವರಲ್ಲೂ ಭಯ ಇರಬಹುದಲ್ಲವೇ?

ಬೆಂಗಳೂರು, ವಿಮಾನಪುರ

ವಿಮಾನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ರಾಜಕೀಯದ ಬಗ್ಗೆ ಹೇಳುವಷ್ಟು ಓದಿಕೊಂಡಿಲ್ಲ, ಯಂತ್ರದ ಬಗ್ಗೆ ಹೇಳಬಲ್ಲೆ. ಈ ಚರ್ಚೆಯಲ್ಲಿ ಹೆಲಿಕಾಪ್ಟರ್ ಕೊಟ್ಟೆವು, ಹೆಲಿಕಾಪ್ಟರ್ ಉಳಿಯಿತು ಎಂದು ಸಲೀಸಾಗಿ ಬರೆದಿರುವುದರಿಂದ ಇದನ್ನು ವಿವರಿಸಬೇಕೆನಿಸಿತು.

ಹೆಲಿಕಾಪ್ಟರನ್ನು ಕಾರಿನಂತೆ ಕೀಲಿಕೈ ಸಮೇತ ಒಪ್ಪಿಸಿ ಬರಲಾಗುವುದಿಲ್ಲ. ಧ್ರುವ್ ಸುಮಾರು ಐದೂವರೆ ಟನ್ ತೂಕದ, ಎರಡು ಎಂಜಿನ್ನಿನ ಯಂತ್ರ. ಕಡಲ ಮೇಲೆ ತಗ್ಗಿನಲ್ಲಿ ಹಾರಿ ಬಂದಾಗಲೆಲ್ಲ ಅದರ ಮೈಮೇಲೆ ಕಣ್ಣಿಗೆ ಕಾಣದ ಉಪ್ಪಿನ ಪದರ ಕೂರುತ್ತದೆ. ಸಂಜೆ ಅದನ್ನು ಸಿಹಿನೀರಿನಲ್ಲಿ ತೊಳೆಯಬೇಕು, ಎಂಜಿನ್ನಿನ ಒಳಗೂ ಶುದ್ಧೀಕರಿಸಿದ ನೀರನ್ನು ಹಾಯಿಸಿ ಒಣಗಿಸಬೇಕು, ಕೀಲುಗಳಿಗೆ ಹೊಸ ಗ್ರೀಸ್ ತುಂಬಬೇಕು. ಒಂದು ದಿನ ಸೋಮಾರಿತನ ಮಾಡಿದರೆ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ಏಳತೊಡಗುತ್ತದೆ. ಬೆರಳಿನಿಂದ ಉಜ್ಜಿದರೆ ಸುಣ್ಣದಂತೆ ಅಂಟುತ್ತದೆ. ಹೀಗೆ ತೊಳೆಯಲು ಸಿಹಿನೀರು ಬೇಕು, ಹವಳದ್ವೀಪದಲ್ಲಿ ಅತ್ಯಂತ ದುರ್ಲಭವಾದ ವಸ್ತುವೇ ಸಿಹಿನೀರು. 2014ರ ಡಿಸೆಂಬರ್‌ನಲ್ಲಿ ಮಾಲೆಯ ಉಪ್ಪುನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿದ್ದು ಇಡೀ ರಾಜಧಾನಿ ಬಾಯಾರಿ ಕುಳಿತಾಗ ನಮ್ಮ ವಾಯುಪಡೆ ವಿಮಾನಗಳಲ್ಲಿ ನೀರು ಹೊತ್ತೊಯ್ದಿತ್ತು, ನೌಕಾಪಡೆಯ ಐಎನ್‌ಎಸ್ ಸುಕನ್ಯಾವೂ ಹೋಗಿತ್ತು. ಚೀನಾವೂ ನೀರು ಕಳುಹಿಸಿತ್ತು ಎಂಬುದನ್ನು ಇಲ್ಲಿ ಹೇಳದೆ ಇರಬಾರದು.

ಆದ್ದರಿಂದ ಅಲ್ಲಿಗೆ ಹೋಗುವ ತಂತ್ರಜ್ಞನೇ ಈ ಸಹಕಾರದ ನಿಜವಾದ ಕೊಂಡಿ. ಅವನು ಸೈನಿಕನಾಗಿರಬೇಕೆಂದೇನೂ ಇಲ್ಲ, ಕೆಲಸ ಬಲ್ಲವನಾಗಿರಬೇಕು. 2024ರ ಬದಲಾವಣೆಯಲ್ಲಿ ನಾವು ಸೋತೆವೆಂದು ಹಲವರು ಬರೆದಾಗ ನನಗೆ ಹಾಗನಿಸಲಿಲ್ಲ. ನನಗೆ ಚಿಂತೆಯಾದದ್ದು ಬೇರೆ ದಿನ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ್ ಬಿದ್ದು ಮೂವರು ತೀರಿಕೊಂಡರು, ನಂತರ ದೇಶದ ಮುನ್ನೂರಕ್ಕೂ ಹೆಚ್ಚು ಧ್ರುವ್‌ಗಳ ಹಾರಾಟ ನಿಂತಿತು. ದೂರದ ಈಕ್ವೆಡಾರ್ ನಮ್ಮಿಂದ ಏಳು ಧ್ರುವ್ ಕೊಂಡು, ನಾಲ್ಕು ಬಿದ್ದ ಮೇಲೆ 2015ರಲ್ಲಿ ಒಪ್ಪಂದವನ್ನೇ ಕಡಿದುಕೊಂಡದ್ದು ನಮ್ಮಂಥವರಿಗೆ ಇಂದಿಗೂ ಎದೆಯಲ್ಲಿ ಮುಳ್ಳು. ಬೇರೆ ದೇಶ ಪೈಪೋಟಿಗೆ ನಿಂತಿರುವಾಗ ನಮ್ಮ ಯಂತ್ರ ನೆಲದ ಮೇಲೆ ಕೂತರೆ ಯಾವ ಒಡಂಬಡಿಕೆಯೂ ಅದನ್ನು ಎತ್ತಿ ಹಾರಿಸುವುದಿಲ್ಲ. 2024ರ ಮಾರ್ಚ್‌ನಲ್ಲೇ ಮಾಲ್ಡೀವ್ಸ್ ಟರ್ಕಿಯಿಂದ ಡ್ರೋನ್‌ಗಳನ್ನು ತರಿಸಿಕೊಂಡಿತು. ಅವರಿಗೆ ಈಗ ಆಯ್ಕೆಗಳಿವೆ.

ಬೆಳಗಾವಿಯಿಂದ

ಚಿಕ್ಕ ಸೇರ್ಪಡೆ. ಭಾರತ ಮತ್ತು ಮಾಲ್ಡೀವ್ಸ್ ಸೇನೆಗಳ ‘ಏಕುವೆರಿನ್’ ಜಂಟಿ ಸಮರಾಭ್ಯಾಸ 2009ರಲ್ಲಿ ಆರಂಭವಾಯಿತು. ಧಿವೇಹಿ ಭಾಷೆಯಲ್ಲಿ ಆ ಪದಕ್ಕೆ ಸ್ನೇಹಿತರು ಎಂದರ್ಥ. ಅದು ನಮ್ಮ ಬೆಳಗಾವಿಯಲ್ಲೂ ನಡೆದಿದೆ. ಲಕ್ಷದ್ವೀಪದ ಮಿನಿಕಾಯ್‌ನವರು ಆಡುವ ಮಹಲ್ ಕೂಡ ಅದೇ ಧಿವೇಹಿಯ ಒಂದು ಬಗೆ. ಮಿನಿಕಾಯ್‌ಗೂ ಮಾಲ್ಡೀವ್ಸ್‌ನ ಉತ್ತರದ ತುದಿಗೂ ಇರುವ ಅಂತರ ಸುಮಾರು 130 ಕಿಲೋಮೀಟರ್ ಮಾತ್ರ. 2024ರ ಮಾರ್ಚ್ 6ರಂದು ಮಿನಿಕಾಯ್‌ನಲ್ಲಿ ಐಎನ್‌ಎಸ್ ಜಟಾಯು ನೌಕಾನೆಲೆ ಆರಂಭವಾದಾಗ, ಮಾಲ್ಡೀವ್ಸ್‌ನಿಂದ ಹೊರಬಿದ್ದದ್ದಕ್ಕೆ ಇದು ಉತ್ತರ ಎಂದು ನಮ್ಮ ಟಿವಿಗಳಲ್ಲಿ ಕೂಗಾಡಿದರು. ನಮ್ಮ ನೆಲದಲ್ಲಿ ನಾವು ನೆಲೆ ಕಟ್ಟಿಕೊಳ್ಳುವುದು ಸರಿಯಾದ ಕೆಲಸ. ಅದನ್ನು ನೆರೆಯವರಿಗೆ ಬೆದರಿಕೆಯಂತೆ ಕೇಳಿಸುವುದು ತಪ್ಪು ಕೆಲಸ. ಆ ಸುದ್ದಿಗಳೆಲ್ಲ ಅಲ್ಲಿಯೂ ನೋಡಲ್ಪಡುತ್ತವೆ.

ಮಂಗಳೂರಿನ ಅಧ್ಯಾಪಕ

ಎಲ್ಲರಿಗೂ ಕೃತಜ್ಞತೆಗಳು. ಮಡಿಕೇರಿಯ ಹಿರಿಯರ ಪ್ರಶ್ನೆಗೆ ಮೊದಲು ಉತ್ತರಿಸಬೇಕು, ಏಕೆಂದರೆ ಅದು ತೂಕವುಳ್ಳ ಪ್ರಶ್ನೆ.

ಚೀನಾದ ಒಪ್ಪಂದದ ಗುಟ್ಟಿಗೆ ಜನ ಏಕೆ ಬೀದಿಗಿಳಿಯಲಿಲ್ಲ? ದೂರದ ದೇಶದ ಗುಟ್ಟು ಹತ್ತಿರದ ದೇಶದ ಗುಟ್ಟಿನಷ್ಟು ಹೆದರಿಸುವುದಿಲ್ಲ ಎಂಬುದೊಂದು ಕಾರಣವಿರಬಹುದು. ಪಕ್ಕದ ಮನೆಯವನು ನಮ್ಮ ಬಾವಿಕಟ್ಟೆಯಲ್ಲಿ ನಿಂತರೆ ಆಗುವ ಇರಿಸುಮುರಿಸು ದೂರದ ಊರಿನ ಸಾಹುಕಾರ ಬಂದು ನಿಂತಾಗ ಆಗುವುದಿಲ್ಲ. ಇದು ನ್ಯಾಯವಲ್ಲ, ಆದರೆ ಭೂಗೋಳ ನಮಗೆ ಕೊಟ್ಟಿರುವ ಸ್ಥಿತಿ ಇದು. ಹಾಗಾಗಿ ಬೀಜಿಂಗ್ ಮುಚ್ಚಿಟ್ಟಿದ್ದರಿಂದ ನಾವೂ ಮುಚ್ಚಿಡಬಹುದು ಎಂಬ ಸಮಾನತೆ ನಮಗೆ ದಕ್ಕುವುದಿಲ್ಲ. ನಾವು ಹೆಚ್ಚು ತೆರೆದುಕೊಂಡಿರಬೇಕಾದ ಸ್ಥಾನದಲ್ಲಿದ್ದೇವೆ, ಅದರಿಂದಲೇ ಹೆಚ್ಚು ಗೆಲ್ಲಬಲ್ಲೆವು ಎಂದು ನಾನು ನಂಬುತ್ತೇನೆ.

ಶ್ರೀಲಂಕಾದ ಉದಾಹರಣೆಯನ್ನು ನೋಡೋಣ. ಇಂದು ಆ ದೇಶವನ್ನಾಳುತ್ತಿರುವ ಅನುರ ಕುಮಾರ ದಿಸಾನಾಯಕೆ ಅವರ ಎಡಪಂಥೀಯ ಪಕ್ಷವಾದ ಜೆವಿಪಿ (ಜನತಾ ವಿಮುಕ್ತಿ ಪೆರಮುನ) 1987ರಿಂದ 1989ರವರೆಗೆ ಆಗ ಅಲ್ಲಿದ್ದ ಭಾರತದ ಸೈನ್ಯದ ವಿರುದ್ಧ, ಭಾರತದ ಸರಕುಗಳ ವಿರುದ್ಧವೂ ಬಂಡೆದ್ದಿದ್ದ ಪಕ್ಷ. ಅದೇ ಪಕ್ಷದ ಅಧ್ಯಕ್ಷರು 2024ರ ಡಿಸೆಂಬರ್‌ನಲ್ಲಿ ದೆಹಲಿಗೆ ಬಂದು, ತಮ್ಮ ನೆಲವನ್ನು ಭಾರತದ ಭದ್ರತೆಗೆ ಕೇಡಾಗುವಂತೆ ಬಳಸಲು ಬಿಡುವುದಿಲ್ಲವೆಂದು ಭರವಸೆ ಕೊಟ್ಟರು. ನಾಲ್ಕು ತಿಂಗಳಲ್ಲಿ ರಕ್ಷಣಾ ಒಡಂಬಡಿಕೆಗೆ ಸಹಿ ಬಿತ್ತು. 2014ರಲ್ಲಿ ಚೀನಾದ ಜಲಾಂತರ್ಗಾಮಿ ಕೊಲಂಬೊದಲ್ಲಿ ತಂಗಿದ್ದನ್ನೂ, 2017ರಲ್ಲಿ ಹಂಬನ್‌ತೋಟ ಬಂದರು 99 ವರ್ಷಗಳ ಗುತ್ತಿಗೆಗೆ ಚೀನಾದ ಕಂಪನಿಯ ಕೈಸೇರಿದ್ದನ್ನೂ, 2022ರ ಆಗಸ್ಟ್‌ನಲ್ಲಿ ಅಲ್ಲಿಗೆ ಉಪಗ್ರಹಗಳ ಜಾಡು ಹಿಡಿಯುವ ಚೀನಾದ ಹಡಗು ಯುವಾನ್ ವಾಂಗ್ 5 ಬಂದು ನಿಂತಿದ್ದನ್ನೂ ಕಂಡ ನಮಗೆ ಇದು ಸಣ್ಣ ತಿರುವಲ್ಲ. ಇಂಥ ಬೆಲೆಬಾಳುವ ಒಡಂಬಡಿಕೆಗೂ ಅದೇ ಹಳೆಯ ರೋಗ ತಗುಲುತ್ತಿದೆ. ಪಠ್ಯವನ್ನು ಬಹಿರಂಗಪಡಿಸಿ ಎಂಬ ಒತ್ತಾಯ ಕೊಲಂಬೊದಲ್ಲಿ ಸಹಿಯ ಶಾಯಿ ಆರುವ ಮೊದಲೇ ಎದ್ದಿತು. ತರಬೇತಿ, ಸಮರಾಭ್ಯಾಸ, ಭೇಟಿ ವಿನಿಮಯಗಳೇ ಅದರ ತಿರುಳಾಗಿದ್ದರೆ ಅಡಗಿಸುವುದಕ್ಕೆ ಏನಿದೆ? ಉತುರು ತಿಲ ಫಲ್ಹುವಿನ ತಪ್ಪನ್ನು ಕೊಲಂಬೊದಲ್ಲಿ ಮತ್ತೆ ಮಾಡುವುದು ಬೇಡ.

ರಡಾರಿನ ವ್ಯಾಪ್ತಿಯನ್ನು ಪ್ರಕಟಿಸಿ ಎಂದು ನಾನು ಹೇಳಿಲ್ಲ. ಎಷ್ಟು ಜನ, ಎಲ್ಲಿ, ಯಾವ ಕೆಲಸಕ್ಕೆ, ಎಂದಿನವರೆಗೆ: ಈ ನಾಲ್ಕೇ ಸಂಗತಿಗಳು.

ಬೆಂಗಳೂರು, ಆಸ್ಪತ್ರೆಯ ಶುಶ್ರೂಷಕಿ

ಮಾಲ್ಡೀವ್ಸ್‌ನಿಂದ ಚಿಕಿತ್ಸೆಗೆಂದು ಬೆಂಗಳೂರಿಗೆ ಬರುವ ಕುಟುಂಬಗಳನ್ನು ಕೆಲವು ವರ್ಷಗಳಿಂದ ಹತ್ತಿರದಿಂದ ನೋಡುತ್ತಿದ್ದೇನೆ. 2024ರ ಮಳೆಗಾಲದಲ್ಲಿ ನಮ್ಮ ವಾರ್ಡಿನಲ್ಲಿದ್ದ ಅಡ್ಡು ಕಡೆಯ ವಯಸ್ಸಾದ ತಾಯಿಯೊಬ್ಬರ ಮಗನಿಗೆ ಈ ವಿಷಯ ಕೇಳಿದ್ದೆ. ತನ್ನ ತಾಯಿಯನ್ನು ಮೊದಲ ಸಲ ದೊಡ್ಡ ಆಸ್ಪತ್ರೆಗೆ ಸಾಗಿಸಿದ್ದು ನಿಮ್ಮ ಹೆಲಿಕಾಪ್ಟರೇ ಎಂದು ಅವನು ಹೇಳಿದ. ಆದರೆ ತಾನು ಮತ ಹಾಕಿದ್ದು ಸೈನಿಕರು ಹೋಗಲಿ ಎಂದವರಿಗೇ ಎಂದೂ ಹೇಳಿದ. ಎರಡನ್ನೂ ಒಂದೇ ದನಿಯಲ್ಲಿ, ಸಂಕೋಚವಿಲ್ಲದೆ ಹೇಳಿದ. ನನಗೆ ಆಗ ಬೇಸರವಾಗಿತ್ತು. ಕಾರವಾರದವರ ಮಾತು ಓದಿದ ಮೇಲೆ ಅದು ಸ್ವಲ್ಪ ಅರ್ಥವಾಯಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಮುಯಿಝ್ಝು ದೆಹಲಿಗೆ ಬಂದು, ಬೆಂಗಳೂರಿಗೂ ಬಂದಿದ್ದರು. ಬೆಂಗಳೂರಿನಲ್ಲಿ ಮಾಲ್ಡೀವ್ಸ್‌ನ ಕಾನ್ಸುಲೇಟ್, ಅಡ್ಡುವಿನಲ್ಲಿ ಭಾರತದ ಕಾನ್ಸುಲೇಟ್ ತೆರೆಯುವ ಮಾತು ಆಗ ಬಂತು. 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಗಳ ಕರೆನ್ಸಿ ವಿನಿಮಯಕ್ಕೂ ಭಾರತ ಒಪ್ಪಿತು. ಸಾಲದ ಹೊರೆಯಲ್ಲಿದ್ದ ಅವರಿಗೆ ಆ ಹಣ ಯುದ್ಧನೌಕೆಗಿಂತ ಹೆಚ್ಚಿನ ರಕ್ಷಣೆಯಾಗಿತ್ತೇನೋ.

ಮಡಿಕೇರಿಯಿಂದ ಒಬ್ಬ ನಿವೃತ್ತ ಸೈನಿಕ

ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

ಚೀನಾದ ಹಡಗುಗಳ ಬಗ್ಗೆ ನಾನು ಹೇಳಿದ ಒಂದು ಮಾತನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಆ ಸ್ಪರ್ಧೆ ನಿಜವಾದದ್ದು. ಸದ್ಯ ಗಾಳಿ ನಮ್ಮ ಕಡೆಗಿದೆ ಎಂದು ಮೈಮರೆಯುವುದಕ್ಕೂ ಇಲ್ಲ. 2025ರ ಜುಲೈನಲ್ಲಿ ಮಾಲ್ಡೀವ್ಸ್‌ನ ಅರವತ್ತನೆಯ ಸ್ವಾತಂತ್ರ್ಯೋತ್ಸವಕ್ಕೆ ನಮ್ಮ ಪ್ರಧಾನಿ ಗೌರವ ಅತಿಥಿಯಾಗಿ ಹೋದರು, ಭಾರತದ ನೆರವಿನಲ್ಲಿ ಕಟ್ಟಿದ ಅವರ ರಕ್ಷಣಾ ಸಚಿವಾಲಯದ ಕಟ್ಟಡ ಉದ್ಘಾಟನೆಯಾಯಿತು, 4,850 ಕೋಟಿ ರೂಪಾಯಿಗಳ ಸಾಲದ ನೆರವೂ ಘೋಷಣೆಯಾಯಿತು. ಆದರೆ 2018ರಲ್ಲಿ ಅಧ್ಯಕ್ಷ ಯಾಮೀನ್ ಇದೇ ಹೆಲಿಕಾಪ್ಟರ್‌ಗಳನ್ನು ವಾಪಸು ಒಯ್ಯಿರಿ ಎಂದಿದ್ದನ್ನು, ಅದೇ ವರ್ಷ ಸೋಲಿಹ್ ಗೆದ್ದು ಉಳಿಸಿಕೊಂಡದ್ದನ್ನು, ಐದು ವರ್ಷಗಳ ನಂತರ ಅದೇ ವಿಷಯ ಮತ್ತೆ ಎದ್ದದ್ದನ್ನು ನೋಡಿದ್ದೇವೆ. ಅಲ್ಲಿನ ಪ್ರತಿ ಚುನಾವಣೆಯಲ್ಲೂ ನಮ್ಮ ಸೈನಿಕ ಒಂದು ಘೋಷಣೆಯಾಗುತ್ತಿದ್ದಾನೆ. ಅದು ಸೈನಿಕನಿಗೆ ಒಳ್ಳೆಯದಲ್ಲ ಎಂಬುದನ್ನು ನಾನು ಒಪ್ಪುತ್ತೇನೆ.

ಒಪ್ಪಲು ನನ್ನದೇ ಒಂದು ಕಾರಣವಿದೆ. ಶ್ರೀಲಂಕಾಕ್ಕೆ ಹೋಗಿದ್ದ ಭಾರತದ ಶಾಂತಿಪಾಲನಾ ಪಡೆಯಲ್ಲಿ ನಾನು ಯಾಳ್ಪಾಣದಲ್ಲಿ (ಜಾಫ್ನಾದಲ್ಲಿ) ಇದ್ದವನು. ಸುಮಾರು ಸಾವಿರದ ಇನ್ನೂರು ಮಂದಿಯನ್ನು ನಾವು ಆ ದ್ವೀಪದಲ್ಲಿ ಕಳೆದುಕೊಂಡೆವು. 2025ರ ಏಪ್ರಿಲ್ 5ರಂದು ಒಡಂಬಡಿಕೆಗೆ ಸಹಿಯಾದ ದಿನವೇ ಕೊಲಂಬೊ ಹೊರವಲಯದಲ್ಲಿರುವ ಅವರ ಸ್ಮಾರಕಕ್ಕೆ ಪ್ರಧಾನಿ ಹೂವಿಟ್ಟಿದ್ದನ್ನು ಟಿವಿಯಲ್ಲಿ ನೋಡಿ ನಾನು ಎದ್ದು ನಿಂತಿದ್ದೆ. 1987ರಲ್ಲಿ ಮೊದಲು ಇಳಿದಾಗ ಪಲಾಲಿ ರಸ್ತೆಯಲ್ಲಿ ಜನ ನಮಗೆ ಹಾರ ಹಾಕಿದ್ದರು. ಕೆಲವು ತಿಂಗಳಲ್ಲಿ ಅದೇ ರಸ್ತೆಯ ಮನೆಗಳ ಕಿಟಕಿಗಳು ನಮ್ಮನ್ನು ಕಂಡೊಡನೆ ಮುಚ್ಚಿಕೊಳ್ಳುತ್ತಿದ್ದವು. ಒಂದು ಮಧ್ಯಾಹ್ನ ತಪಾಸಣಾ ಚೌಕಿಯಲ್ಲಿ ವಯಸ್ಸಾದ ಮೇಷ್ಟ್ರೊಬ್ಬರು ಸೈಕಲ್ಲಿನಿಂದಿಳಿದು, ಚೀಲ ತೆರೆದು ತೋರಿಸಿ, ಬಹಳ ಸೌಮ್ಯವಾಗಿ, ನೀವು ಯಾವಾಗ ಹೋಗುತ್ತೀರಿ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಸುಬೇದಾರರ ಬಳಿಯೂ ಇರಲಿಲ್ಲ. ನಮಗೆ ಯಾರೂ ಹೇಳಿರಲಿಲ್ಲ.

ರಡಾರಿನ ಮಾತು ಬೇರೆ, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ತಾವು ಹೇಳಿದ ನಾಲ್ಕರಲ್ಲಿ ಕೊನೆಯದನ್ನು, ಎಂದಿನವರೆಗೆ ಎಂಬುದನ್ನು, ನನ್ನ ಹೆಸರಿನಲ್ಲೂ ಬರೆದುಕೊಳ್ಳಿ. ಅಡ್ಡುವಿನಲ್ಲಿ ಇಂದು ಸಂಜೆ ಹೆಲಿಕಾಪ್ಟರ್ ತೊಳೆಯುತ್ತಿರುವ ನಮ್ಮ ಹುಡುಗನನ್ನು ಅಲ್ಲಿಯ ಮೇಷ್ಟ್ರು ಯಾರಾದರೂ ಅದೇ ಪ್ರಶ್ನೆ ಕೇಳಿದರೆ, ಹೇಳಲು ಅವನಲ್ಲಿ ಒಂದು ದಿನಾಂಕ ಇರಬೇಕು.